ಬೋಳು ಬೆಟ್ಟಗಳ ಚರಿತ್ರೆ: ಇಂಗ್ಲೆಂಡಿನ ಪೆನ್ನೈನ್ ಸಾಲು

ಮ್ಯಾಂಚೆಸ್ಟರಿನಿಂದ ಲೀಡ್ಸ್ ಕಡೆಗೆ ಹೋಗುವ ಎಂ-62 ಹೆದ್ದಾರಿ ಪೆನ್ನೈನ್ ಬೆಟ್ಟಸಾಲನ್ನು ಅಡ್ಡಹಾಯುತ್ತದೆ. ಊರಿನಿಂದ ಬಂದ ನೆಂಟರಿಷ್ಟರನ್ನು ಆ ದಾರಿಯಲ್ಲಿ ಕರೆದೊಯ್ಯುವಾಗ "ಬೆಟ್ಟ ಎಲ್ಲಿ?" ಎಂಬ ಪ್ರಶ್ನೆ ನಮ್ಮಲ್ಲಿ ಅನೇಕರಿಗೆ ಎದುರಾಗಿರಬಹುದು. ಪ್ರಶ್ನೆ ಸಹಜವಾದುದೇ. ಮಡಿಕೇರಿ, ಚಿಕ್ಕಮಗಳೂರು, ಆಗುಂಬೆಗಳನ್ನು ಕಂಡ ಕಣ್ಣಿಗೆ ಇಲ್ಲಿ ಕಾಣುವುದು ಕಂದುಬಣ್ಣದ ಹುಲ್ಲು, ಕಪ್ಪು ಕೆಸರು, ಕಲ್ಲಿನ ಗೋಡೆ, ಕುರಿ, ಮತ್ತೆ ಹುಲ್ಲು. ಮೇಲ್ಗಡೆ ಹೋದಂತೆ ಮರ ಅಪರೂಪ. ಎತ್ತರವಾದರೂ ಎಷ್ಟು? ಈ ಸಾಲಿನ ಅತ್ಯುನ್ನತ ಶಿಖರವಾದ ಕ್ರಾಸ್ ಫೆಲ್ 2,930 ಅಡಿ. ನಮ್ಮ ಬೆಂಗಳೂರು ನಗರ ನಿಂತಿರುವ ನೆಲವೇ ಸುಮಾರು 3,000 ಅಡಿ! ಮುಳ್ಳಯ್ಯನಗಿರಿಯ 6,330 ಅಡಿಗೆ ಇದು ಅರ್ಧವೂ ಆಗಲಿಲ್ಲ.

ಆದರೂ ಈ ಬೆಟ್ಟಗಳ ವಿಷಯವನ್ನು ನಾವು ಒಂದಿಷ್ಟು ತಿಳಿದುಕೊಳ್ಳುವುದು ಒಳ್ಳೆಯದು. ಇದಕ್ಕೆ ಮೂರು ಕಾರಣಗಳಿವೆ. ಒಂದು, ನಮ್ಮವರಲ್ಲಿ ಅನೇಕರು ವೈದ್ಯರಾಗಿ, ಎಂಜಿನಿಯರರಾಗಿ, ಅಧ್ಯಾಪಕರಾಗಿ ಬಾಳು ಕಟ್ಟಿಕೊಂಡ ಉತ್ತರ ಇಂಗ್ಲೆಂಡಿನ ಊರುಗಳು ಹುಟ್ಟಿದ್ದೇ ಈ ಬೆಟ್ಟಗಳ ನೀರಿನಿಂದ. ಎರಡು, ಈ ಬೋಳುತನ ಪ್ರಕೃತಿ ಕೊಟ್ಟದ್ದಲ್ಲ. ಬಹುಮಟ್ಟಿಗೆ ಮನುಷ್ಯರು ಮಾಡಿದ್ದು. ಮೂರು, ಈ ಕಥೆಯ ಒಂದು ಎಳೆ ಧಾರವಾಡ, ಕಾರವಾರಗಳವರೆಗೆ ಹೋಗಿ ಕನ್ನಡ ನಾಡಿನ ನಕ್ಷೆಯನ್ನೇ ಬದಲಿಸಿತು.

ನೆಲ ಮತ್ತು ಹೆಸರು

ಡರ್ಬಿಷೈರಿನಿಂದ ಹೊರಟು ಸ್ಕಾಟ್ಲೆಂಡಿನ ಗಡಿಯ ಸಮೀಪದವರೆಗೆ ಸುಮಾರು 250 ಮೈಲಿ ಉದ್ದಕ್ಕೆ ಪೆನ್ನೈನ್ ಸಾಲು ಹಬ್ಬಿದೆ. ಇದನ್ನು ಇಂಗ್ಲೆಂಡಿನ ಬೆನ್ನೆಲುಬು ಎಂದು ಕರೆಯುವುದು ವಾಡಿಕೆ. ಪೂರ್ವಕ್ಕೆ ಯಾರ್ಕ್‌ಷೈರ್, ಡರಂ. ಪಶ್ಚಿಮಕ್ಕೆ ಲ್ಯಾಂಕಷೈರ್, ಕಂಬ್ರಿಯ. ಟೈನ್, ಟೀಸ್, ಸ್ವೇಲ್, ವಾರ್ಫ್, ಏರ್ ನದಿಗಳು ಇಲ್ಲಿ ಹುಟ್ಟಿ ಪೂರ್ವದ ಉತ್ತರ ಸಮುದ್ರಕ್ಕೂ, ರಿಬ್ಬಲ್, ಮರ್ಸಿ ಮೊದಲಾದವು ಪಶ್ಚಿಮದ ಐರಿಷ್ ಸಮುದ್ರಕ್ಕೂ ಹರಿಯುತ್ತವೆ. ಮಲೆನಾಡಿನಲ್ಲಿ ಒಂದು ಗುಡ್ಡದ ಈಚೆಗೆ ಬಿದ್ದ ಹನಿ ತುಂಗಭದ್ರೆಗೂ ಆಚೆಗೆ ಬಿದ್ದ ಹನಿ ಅರಬ್ಬೀ ಸಮುದ್ರಕ್ಕೂ ಹೋಗುತ್ತದೆಯಷ್ಟೆ? ಇಲ್ಲಿಯೂ ಅದೇ ಲೆಕ್ಕ.

ಹೆಸರಿನ ಹಿಂದೆ ಒಂದು ಸ್ವಾರಸ್ಯವಿದೆ. 16ನೆಯ ಶತಮಾನದ ವಿದ್ವಾಂಸ ವಿಲಿಯಂ ಕ್ಯಾಮ್ಡೆನ್ ಈ ಬೆಟ್ಟಗಳನ್ನು ಇಟಲಿಯ ಅಪೆನ್ನೈನ್ ಪರ್ವತಗಳಿಗೆ ಹೋಲಿಸಿದ್ದ. ಮುಂದೆ 18ನೆಯ ಶತಮಾನದಲ್ಲಿ ಕೋಪನ್‌ಹೇಗನ್ನಿನಲ್ಲಿ ನೆಲೆಸಿದ್ದ ಚಾರ್ಲ್ಸ್ ಬರ್ಟ್ರಮ್ ಎಂಬ ಇಂಗ್ಲಿಷಿನವನು, ಮಧ್ಯಯುಗದ ಸಂನ್ಯಾಸಿಯೊಬ್ಬ ಬರೆದ ಪ್ರಾಚೀನ ಗ್ರಂಥ ತನಗೆ ಸಿಕ್ಕಿದೆಯೆಂದು ಹೇಳಿ 1757ರಲ್ಲಿ ಅದನ್ನು ಪ್ರಕಟಿಸಿದ. ಪೆನ್ನೈನ್ ಹೆಸರು ಅದರಲ್ಲಿತ್ತು. ಪಂಡಿತರೆಲ್ಲ ನಂಬಿದರು. 1822ರಲ್ಲಿ ಕಾನಿಬೇರ್ ಮತ್ತು ಫಿಲಿಪ್ಸ್ ಎಂಬ ಭೂವಿಜ್ಞಾನಿಗಳು ತಮ್ಮ ಗ್ರಂಥದಲ್ಲಿ ಬಳಸಿದ ಮೇಲೆ ಹೆಸರು ನೆಲೆಗೊಂಡಿತು. ಬರ್ಟ್ರಮ್ ತಂದ ಗ್ರಂಥ ಅವನೇ ಕಟ್ಟಿದ ಕೂಟಸೃಷ್ಟಿ ಎಂಬುದು ರುಜುವಾತಾಗುವ ಹೊತ್ತಿಗೆ ಕಾಲ ಮಿಂಚಿತ್ತು. ಗ್ರಂಥ ಬಿದ್ದುಹೋಯಿತು, ಹೆಸರು ಉಳಿಯಿತು.

ಬೆಟ್ಟಗಳ ಶಿಲೆಗೆ ಸುಮಾರು 33 ಕೋಟಿ ವರ್ಷ ವಯಸ್ಸು. ಆ ಕಾಲದಲ್ಲಿ ಈ ಭೂಭಾಗ ಭೂಮಧ್ಯರೇಖೆಯ ಬಳಿ ಬೆಚ್ಚನೆಯ ಸಮುದ್ರದ ಅಡಿಯಲ್ಲಿತ್ತು. ಸಮುದ್ರಜೀವಿಗಳ ಚಿಪ್ಪುಗಳು ಪದರಪದರವಾಗಿ ಕೂತು ಸುಣ್ಣಕಲ್ಲಾಯಿತು. ಅದರ ಮೇಲೆ ಮಹಾನದಿಗಳು ಹೊತ್ತುತಂದ ಮರಳು ಗಟ್ಟಿಯಾಗಿ ಒರಟು ಮರಳುಗಲ್ಲಾಯಿತು. ಇದರಿಂದ ಬೀಸುವ ಕಲ್ಲುಗಳನ್ನು ಕಡೆಯುತ್ತಿದ್ದುದರಿಂದ ಇದಕ್ಕೆ ಮಿಲ್‌ಸ್ಟೋನ್ ಗ್ರಿಟ್ ಎಂಬ ಹೆಸರು. ಎಲ್ಲಕ್ಕೂ ಮೇಲೆ ಜೌಗುಕಾಡುಗಳು ಕೊಳೆತು ಕಲ್ಲಿದ್ದಲಿನ ಪದರವಾಯಿತು. ಆಮೇಲೆ ನೆಲ ಕಮಾನಿನಂತೆ ಉಬ್ಬಿತು. ಉಬ್ಬಿದ ನೆತ್ತಿಯ ಮೇಲಿನ ಕಲ್ಲಿದ್ದಲು ಮಳೆಗಾಳಿಗೆ ಸವೆದುಹೋಗಿ ಎರಡೂ ಪಕ್ಕೆಗಳಲ್ಲಿ ಮಾತ್ರ ಉಳಿಯಿತು. ಲ್ಯಾಂಕಷೈರಿನಲ್ಲೂ ಯಾರ್ಕ್‌ಷೈರಿನಲ್ಲೂ ಕಲ್ಲಿದ್ದಲು ಇದ್ದು, ನಡುವಿನ ಬೆಟ್ಟದಲ್ಲಿ ಇಲ್ಲದಿರುವುದಕ್ಕೆ ಇದೇ ಕಾರಣ. ಮುಂದೆ ಹಿಮಯುಗದ ನೀರ್ಗಲ್ಲ ನದಿಗಳು ಕಣಿವೆಗಳನ್ನು ಅಗಲಿಸಿ, ಬಂಡೆಗಳನ್ನು ಎಲ್ಲೆಲ್ಲಿಂದಲೋ ತಂದು ಚೆಲ್ಲಿಹೋದವು.

ಸುಣ್ಣಕಲ್ಲಿನ ಸೀಮೆಯನ್ನು ನೋಡಬೇಕಾದರೆ ಯಾರ್ಕ್‌ಷೈರಿನ ಮಾಲಂ ಕೋವ್‌ಗೆ ಹೋಗಬೇಕು. ಸುಮಾರು 260 ಅಡಿ ಎತ್ತರದ ಬಿಳಿಯ ಬಂಡೆಯ ಗೋಡೆ. ಮೇಲೆ ಹಾಸುಗಲ್ಲಿನಂತೆ ಬಿರುಕುಬಿಟ್ಟ ಬಂಡೆಯ ಬಯಲು. ನೀರು ಇಲ್ಲಿ ನೆಲದ ಮೇಲೆ ಹರಿಯದೆ ಬಿರುಕುಗಳಲ್ಲಿಳಿದು ಗುಹೆಗಳನ್ನು ಕೊರೆಯುತ್ತದೆ. ಇಂಗಲ್‌ಬರೊ ಬೆಟ್ಟದ ಮಗ್ಗುಲಲ್ಲಿರುವ ಗೇಪಿಂಗ್ ಗಿಲ್ ಎಂಬ ಬಾವಿಯಂಥ ಕೊರಕಲಿನ ಆಳ 300 ಅಡಿಗೂ ಮೇಲೆ. ಮರಳುಗಲ್ಲಿನ ಸೀಮೆಯ ಸ್ವಭಾವ ಇದಕ್ಕೆ ತೀರ ವಿರುದ್ಧ. ಅಲ್ಲಿ ನೀರು ಇಂಗುವುದಿಲ್ಲ; ನಿಂತು ಕೊಳೆತು ಕಪ್ಪು ಜೌಗಾಗುತ್ತದೆ.

ಕಾಡು ಹೋದ ಬಗೆ

ಹಿಮ ಕರಗಿದ ಮೇಲೆ ಬರ್ಚ್, ಪೈನ್, ಹೇಜಲ್, ಓಕ್ ಮರಗಳು ಈ ಬೆಟ್ಟಗಳ ಬಹುಭಾಗವನ್ನು ಆವರಿಸಿದ್ದವು. ಇದು ಊಹೆಯ ಮಾತಲ್ಲ. ಜೌಗುಮಣ್ಣಿನ ಅಡಿಯಲ್ಲಿ ಇಂದಿಗೂ ಮರದ ಬೊಡ್ಡೆಗಳು ಸಿಗುತ್ತವೆ. ಸಾವಿರಾರು ವರ್ಷಗಳ ಹಿಂದೆಯೇ ಬೇಟೆಗಾರ ಜನರು ಜಿಂಕೆಗಳಿಗೆ ಹೊಸ ಹುಲ್ಲು ಚಿಗುರಲೆಂದು ಕಾಡಿನಂಚಿಗೆ ಬೆಂಕಿಯಿಡುತ್ತಿದ್ದರು. ಹಿಂದೆಯೇ ಬೇಸಾಯಗಾರರೂ ದನಕುರಿಗಳೂ ಬಂದರು. ಹವೆ ತಂಪಾಗಿ ತೇವ ಹೆಚ್ಚಿದಾಗ, ಮರ ಕಳೆದುಕೊಂಡ ನೆಲದಲ್ಲಿ ಪಾಚಿ ಬೆಳೆದು, ಸತ್ತು, ಪೂರ್ತಿ ಕೊಳೆಯದೆ ಪದರಗಟ್ಟಿತು. ವರ್ಷಕ್ಕೆ ಒಂದು ಮಿಲಿಮೀಟರಿನಷ್ಟು ಮಾತ್ರ ಬೆಳೆಯುವ ಈ ಮಣ್ಣಿಗೆ ಪೀಟ್ ಎನ್ನುತ್ತಾರೆ.

ಬಂದ ಜನರೆಲ್ಲ ತಮ್ಮ ತಮ್ಮ ಮಾತನ್ನು ಬೆಟ್ಟದ ಮೇಲೆ ಬಿಟ್ಟುಹೋದರು. ಪೆನ್-ಇ-ಗೆಂಟ್ ಎಂಬ ಶಿಖರದ ಹೆಸರು ಇಂದಿನ ವೆಲ್ಷ್ ಭಾಷೆಯ ಪೂರ್ವಜರದು. ಹಳ್ಳಕ್ಕೆ ಬೆಕ್, ಬೆಟ್ಟಕ್ಕೆ ಫೆಲ್, ಕೊರಕಲಿಗೆ ಗಿಲ್, ಜಲಪಾತಕ್ಕೆ ಫೋರ್ಸ್ ಎನ್ನುವುದು ಹಡಗೇರಿ ಬಂದ ನಾರ್ವೆಯವರ ಬಳುವಳಿ. ಸಾಮ್ರಾಜ್ಯಗಳು ಅಳಿದರೂ ಹಳ್ಳಕೊಳ್ಳಗಳ ಹೆಸರು ಅಳಿಯುವುದಿಲ್ಲವೆಂಬುದನ್ನು ನಮ್ಮ ನಾಡಿನ ಸ್ಥಳನಾಮಗಳ ಅಭ್ಯಾಸ ಮಾಡಿದವರು ಬಲ್ಲರು.

ಮಧ್ಯಯುಗದಲ್ಲಿ ಕುರಿಯೇ ಬೆಟ್ಟದ ಒಡೆಯನಾಯಿತು. 1132ರಲ್ಲಿ ಸ್ಥಾಪನೆಯಾದ ಫೌಂಟನ್ಸ್ ಮಠದ ಸಂನ್ಯಾಸಿಗಳಿಗೆ ಮಾಲಂ ಸುತ್ತಮುತ್ತ ವಿಶಾಲವಾದ ಹುಲ್ಲುಗಾವಲುಗಳಿದ್ದವು; ಅವರ ಉಣ್ಣೆ ಇಟಲಿಯ ವರ್ತಕರವರೆಗೂ ಹೋಗುತ್ತಿತ್ತು. ಎಂಟನೆಯ ಹೆನ್ರಿ ಮಠಗಳನ್ನು ಮುಚ್ಚಿಸಿದಾಗ, ಅಂದರೆ 1539ರಲ್ಲಿ, ಈ ಮಠವೂ ಮುಚ್ಚಿತು. ಕುರಿ ಮಾತ್ರ ಉಳಿಯಿತು. ಚಿಗುರಿದ ಸಸಿಯನ್ನೆಲ್ಲ ಕುರಿ ಮೇಯ್ದ ಮೇಲೆ ಕಾಡು ಮರಳಿ ಬರುವ ದಾರಿಯೇ ಮುಚ್ಚಿಹೋಯಿತು.

ಮಳೆಯಿಂದ ಗಿರಣಿ, ಗಿರಣಿಯಿಂದ ಧಾರವಾಡ

ಸಹ್ಯಾದ್ರಿಯಂತೆ ಪೆನ್ನೈನ್ ಸಾಲಿಗೂ ಮಳೆ ಪಶ್ಚಿಮದಿಂದಲೇ. ಆಗುಂಬೆಯ ಮಳೆಯ ಮುಂದೆ ಇಲ್ಲಿಯದು ಹನಿಯಾಟವಷ್ಟೆ. ಆದರೆ ವರ್ಷವಿಡೀ ಬಿಡದ ಹನಿಯಾಟ. ಈ ತೇವಗಾಳಿಯಲ್ಲಿ ಹತ್ತಿಯ ನೂಲು ಸುಲಭವಾಗಿ ತುಂಡಾಗುವುದಿಲ್ಲ. ಮರಳುಗಲ್ಲಿನ ಮೇಲೆ ಹರಿದು ಬರುವ ಮೆದುನೀರು ಬಟ್ಟೆ ತೊಳೆಯಲು, ಬಣ್ಣ ಹಾಕಲು ಹೇಳಿ ಮಾಡಿಸಿದಂಥದು. ಕಡಿದಾದ ಹಳ್ಳಗಳು ಚಕ್ರ ತಿರುಗಿಸಿದವು. 1771ರಲ್ಲಿ ರಿಚರ್ಡ್ ಆರ್ಕ್‌ರೈಟ್ ಬೆಟ್ಟಸಾಲಿನ ದಕ್ಷಿಣದ ಅಂಚಿನ ಕ್ರಾಮ್‌ಫರ್ಡ್‌ನಲ್ಲಿ ನೀರಿನಿಂದ ನಡೆಯುವ ನೂಲಿನ ಗಿರಣಿಯನ್ನು ಆರಂಭಿಸಿದ. ಮುಂದೆ ಹಬೆಯಂತ್ರ ಬಂದಾಗ ಎರಡೂ ಪಕ್ಕೆಗಳ ಕಲ್ಲಿದ್ದಲು ಕೈಗೆ ಸಿದ್ಧವಾಗಿತ್ತು. ಪಶ್ಚಿಮದ ಇಳಿಜಾರಿನಲ್ಲಿ ಹತ್ತಿ, ಪೂರ್ವದಲ್ಲಿ ಉಣ್ಣೆ ಎಂಬ ಹಂಚಿಕೆಯಾಯಿತು.

ಬೆಟ್ಟ ಅಡ್ಡವಿದ್ದರೆ ವ್ಯಾಪಾರ ನಿಲ್ಲುವುದಿಲ್ಲ. 1804ರಲ್ಲಿ ರಾಚ್‌ಡೇಲ್ ಕಾಲುವೆ ಬೆಟ್ಟವನ್ನು ಹತ್ತಿ ಇಳಿಯಿತು. 1811ರಲ್ಲಿ ಸ್ಟ್ಯಾಂಡೆಜ್ ಸುರಂಗ ಮೂರು ಮೈಲಿಗೂ ಹೆಚ್ಚು ದೂರ ಬೆಟ್ಟದ ಹೊಟ್ಟೆಯನ್ನು ಸೀಳಿ ದೋಣಿಗಳಿಗೆ ದಾರಿ ಮಾಡಿತು. ದೋಣಿಯವರು ಅಂಗಾತ ಮಲಗಿ ಸುರಂಗದ ಗೋಡೆಗೆ ಕಾಲು ಕೊಟ್ಟು ತಳ್ಳುತ್ತ ಸಾಗಬೇಕಿತ್ತು. ಬಳಿಕ ರೈಲು ಬಂತು. 1870ರ ದಶಕದಲ್ಲಿ ಕಟ್ಟಿದ ಸೆಟಲ್–ಕಾರ್ಲೈಲ್ ಮಾರ್ಗದ ರಿಬ್ಬಲ್‌ಹೆಡ್ ಸೇತುವೆಗೆ 24 ಕಮಾನುಗಳು. ಜೌಗುನೆಲದ ಗುಡಿಸಲುಗಳಲ್ಲಿದ್ದು ಅದನ್ನು ಕಟ್ಟಿದ ಕೂಲಿಗಳಲ್ಲಿ ಅಪಘಾತ, ಸಿಡುಬುಗಳಿಂದ ಸತ್ತವರು ನೂರಕ್ಕೂ ಹೆಚ್ಚು. 1980ರ ದಶಕದಲ್ಲಿ ಈ ಮಾರ್ಗವನ್ನು ಮುಚ್ಚುವ ಪ್ರಯತ್ನ ನಡೆದು, ಜನರ ಹೋರಾಟದಿಂದ 1989ರಲ್ಲಿ ಅದು ಉಳಿದುಕೊಂಡಿತು.

ಇನ್ನು ನಮ್ಮ ನಾಡಿನ ಎಳೆ. ಲ್ಯಾಂಕಷೈರಿನ ಗಿರಣಿಗಳಿಗೆ ಹತ್ತಿ ಬರುತ್ತಿದ್ದುದು ಬಹುಪಾಲು ಅಮೆರಿಕದ ಗುಲಾಮರ ದುಡಿಮೆಯಿಂದ. ಒಂದೇ ದೇಶವನ್ನು ನಂಬಿ ಕೂರುವುದು ಅಪಾಯವೆಂದು ಮ್ಯಾಂಚೆಸ್ಟರಿನ ವರ್ತಕರು 1857ರಲ್ಲಿ ಹತ್ತಿ ಪೂರೈಕೆಯ ಸಂಘವೊಂದನ್ನು ಕಟ್ಟಿ ಭಾರತದ ಕಡೆ ಕಣ್ಣು ಹಾಯಿಸಿದರು. ಧಾರವಾಡ ಸೀಮೆಯ ಎರೆಭೂಮಿ ಅವರ ಗಮನ ಸೆಳೆಯಿತು. ಅಲ್ಲಿ 1840ರ ದಶಕದಿಂದಲೇ ಅಮೆರಿಕದ ಬೀಜ ಬಿತ್ತಿ ಬೆಳೆದ 'ಧಾರವಾಡ-ಅಮೆರಿಕನ್' ಎಂಬ ಹತ್ತಿಗೆ ಮಾರುಕಟ್ಟೆಯಲ್ಲಿ ಹೆಸರಿತ್ತು. ಆದರೆ ಅದನ್ನು ಸಮುದ್ರಕ್ಕೆ ಸಾಗಿಸುವುದು ಹೇಗೆ? ಹತ್ತಿರದ ಒಳ್ಳೆಯ ಬಂದರು ಕಾರವಾರ. ಹತ್ತಿ ಬೆಳೆಯುವ ಧಾರವಾಡ ಮುಂಬಯಿ ಪ್ರಾಂತದಲ್ಲಿ, ಬಂದರು ಮಾತ್ರ ಮದರಾಸು ಪ್ರಾಂತದಲ್ಲಿ! ಒಂದೇ ಸರ್ಕಾರದ ಕೈಯಲ್ಲಿ ಎರಡೂ ಇರಬೇಕೆಂದು ಮ್ಯಾಂಚೆಸ್ಟರ್ ಒತ್ತಾಯಿಸಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸಿನಿಂದ ತೆಗೆದು ಮುಂಬಯಿಗೆ ಸೇರಿಸಲಾಯಿತು. ದಕ್ಷಿಣ ಕನ್ನಡ ಮದರಾಸಿನಲ್ಲೇ ಉಳಿಯಿತು. ಹೀಗೆ ಒಂದೇ ಕರಾವಳಿಯ ಕನ್ನಡಿಗರು ಎರಡು ಪ್ರಾಂತಗಳಿಗೆ ಹಂಚಿಹೋದರು. ಅವರು ಮತ್ತೆ ಒಂದೇ ರಾಜ್ಯಕ್ಕೆ ಸೇರಿದ್ದು 1956ರ ನವೆಂಬರ್ 1ರಂದು, 94 ವರ್ಷಗಳ ಮೇಲೆ. ನಮ್ಮ ಏಕೀಕರಣದ ಇತಿಹಾಸ ಓದುವಾಗ ಈ ಮಳೆಗಾಡು ಬೆಟ್ಟಗಳ ನೆನಪೂ ನಮಗೆ ಇರಬೇಡವೆ?

ಅದೇ ವೇಳೆಗೆ ಅಮೆರಿಕದ ಅಂತರ್ಯುದ್ಧ ಆರಂಭವಾಗಿ ಹತ್ತಿ ಬರುವುದು ನಿಂತಿತ್ತು. 1862ರ ಕೊನೆಯ ಹೊತ್ತಿಗೆ ಲ್ಯಾಂಕಷೈರ್ ಸೀಮೆಯಲ್ಲಿ ಸುಮಾರು 5 ಲಕ್ಷ ಜನ ಪರಿಹಾರದ ಕೂಳನ್ನು ನಂಬಿದ್ದರು. ಕೆಲಸವಿಲ್ಲದ ನೇಕಾರರನ್ನು ರಸ್ತೆ, ಚರಂಡಿಗಳ ಕೆಲಸಕ್ಕೆ ಹಚ್ಚಲಾಯಿತು. ರಾಚ್‌ಡೇಲಿನ ಮೇಲಿನ ರೂಲಿ ಮೂರ್ ಎಂಬ ಬೋಳುಬೆಟ್ಟದ ಮೇಲೆ ಅವರು ಕಲ್ಲು ಹಾಸಿದ ದಾರಿಯನ್ನು ಇಂದಿಗೂ 'ಹತ್ತಿಯ ಬರಗಾಲದ ರಸ್ತೆ' ಎಂದೇ ಕರೆಯುತ್ತಾರೆ. ಅತ್ತ ಧಾರವಾಡದ ಹತ್ತಿಯ ಬೆಲೆ ಗಗನಕ್ಕೇರಿ, ಕಲಬೆರಕೆಯೂ ಹೆಚ್ಚಿ, ಅದನ್ನು ತಡೆಯಲು ಮುಂಬಯಿ ಸರ್ಕಾರ 1863ರಲ್ಲಿ ಕಾಯಿದೆಯನ್ನೇ ಮಾಡಬೇಕಾಯಿತು. 1865ರಲ್ಲಿ ಯುದ್ಧ ಮುಗಿದು ಅಮೆರಿಕದ ಹತ್ತಿ ಮರಳಿದಾಗ ಬೆಲೆ ಕುಸಿಯಿತು. ಕಾರವಾರಕ್ಕೆ ಬರಬೇಕಾಗಿದ್ದ ರೈಲು ಅಂದು ಬರಲೇ ಇಲ್ಲ. 1880ರ ದಶಕದಲ್ಲಿ ಹುಬ್ಬಳ್ಳಿಯ ರೈಲು ಘಟ್ಟವಿಳಿದದ್ದು ಪೋರ್ಚುಗೀಸರ ಮಾರ್ಮಗೋವಾ ಬಂದರಿಗೆ. ಕನಸು ಕಂಡವರು ಮರೆತರು. ಎಳೆದ ಗಡಿ ಉಳಿಯಿತು.

ಬೆಟ್ಟ ಯಾರದು?

ಗಿರಣಿಗಳು ಕಣಿವೆಯನ್ನು ತುಂಬುತ್ತಿದ್ದಾಗ ಮೇಲಿನ ಬೆಟ್ಟಕ್ಕೆ ಬೀಗ ಬೀಳುತ್ತಿತ್ತು. ಹಿಂದೆ ಹಳ್ಳಿಯವರೆಲ್ಲ ದನಕುರಿ ಮೇಯಿಸಿ, ಪೀಟ್ ಕಡಿದು ಉರುವಲು ಮಾಡಿಕೊಳ್ಳುತ್ತಿದ್ದ ಸಾಮೂಹಿಕ ನೆಲವನ್ನು 18 ಮತ್ತು 19ನೆಯ ಶತಮಾನಗಳಲ್ಲಿ ಪಾರ್ಲಿಮೆಂಟಿನ ಕಾಯಿದೆಗಳ ಮೂಲಕ ಹಂಚಿ ಬೇಲಿ ಹಾಕಿದರು. ಇಂದು ಪ್ರವಾಸಿಗರು ಫೋಟೋ ತೆಗೆದುಕೊಳ್ಳುವ, ಗಾರೆಯಿಲ್ಲದೆ ಕಟ್ಟಿದ ಕಲ್ಲುಗೋಡೆಗಳಲ್ಲಿ ಬಹಳಷ್ಟು ಆ ಕಾಲದವು. ನೇರವಾಗಿ ಬೆಟ್ಟ ಹತ್ತಿಹೋಗುವ ಗೋಡೆ ಕಂಡರೆ ಅದು ಸರ್ವೆಯವನ ಗೆರೆ ಎಂದು ತಿಳಿಯಬಹುದು. ಸಾಹುಕಾರರು ಮೇಲಿನ ಬಯಲನ್ನು ಗ್ರೌಸ್ ಎಂಬ ಕಾಡುಕೋಳಿಯ ಬೇಟೆಗೆ ಮೀಸಲಿಟ್ಟು, ಕಾವಲುಗಾರರನ್ನು ನೇಮಿಸಿದರು. ಉಳಿದ ಕಣಿವೆಗಳಲ್ಲಿ ನಗರಗಳಿಗೆ ಕುಡಿಯುವ ನೀರಿಗಾಗಿ ಅಣೆಕಟ್ಟುಗಳೆದ್ದವು. 1940ರ ದಶಕದಲ್ಲಿ ಲೇಡಿಬವರ್ ಜಲಾಶಯ ತುಂಬಿದಾಗ ಡರ್ವೆಂಟ್, ಆಷಪ್ಟನ್ ಎಂಬ ಹಳ್ಳಿಗಳು ಮುಳುಗಿದವು. 1964ರಲ್ಲಿ ಮುಗಿದ ಲಿಂಗನಮಕ್ಕಿಯಿಂದ ಶರಾವತಿ ಕಣಿವೆಯ ಊರುಗಳನ್ನು ಕಳೆದುಕೊಂಡ ಮನೆತನಗಳಿಗೆ ಆ ನೋವನ್ನು ವಿವರಿಸಬೇಕಾಗಿಲ್ಲ.

ವಾರದ ಆರು ದಿನ ಗಿರಣಿಯ ಧೂಳು ಕುಡಿದ ಕೂಲಿಗೆ ಭಾನುವಾರ ಕಣ್ಣೆದುರಿನ ಬೆಟ್ಟಕ್ಕೆ ಹೋಗಿ ಒಂದಿಷ್ಟು ಗಾಳಿ ಕುಡಿಯುವ ಹಕ್ಕೂ ಇರಲಿಲ್ಲ. ಡಾರ್ವೆನ್ ಪಟ್ಟಣದ ಜನ ಬಹುಕಾಲ ಹೋರಾಡಿ 1896ರಲ್ಲಿ ತಮ್ಮ ಬೆಟ್ಟದ ದಾರಿಗಳನ್ನು ಮರಳಿ ಪಡೆದರು. ಅದೇ ಡಾರ್ವೆನ್ನಿಗೆ 1931ರ ಸೆಪ್ಟೆಂಬರಿನಲ್ಲಿ ಗಾಂಧೀಜಿ ಹೋಗಿದ್ದರು. ವಿದೇಶಿ ಬಟ್ಟೆಯ ಬಹಿಷ್ಕಾರದಿಂದ ಕೆಲಸ ಕಳೆದುಕೊಂಡ ಗಿರಣಿ ಕೂಲಿಗಳು ಅವರನ್ನು ಪ್ರೀತಿಯಿಂದ ಎದುರುಗೊಂಡದ್ದು ಎಲ್ಲರಿಗೂ ತಿಳಿದ ಸಂಗತಿ.

ಮರುವರ್ಷ, 1932ರ ಏಪ್ರಿಲ್ 24ರಂದು, ಮ್ಯಾಂಚೆಸ್ಟರ್ ಕಡೆಯ ಕೆಲವು ನೂರು ಯುವಕ ಯುವತಿಯರು ಹೇಫೀಲ್ಡ್ ಎಂಬ ಊರಿನಿಂದ ಹೊರಟು ಕಿಂಡರ್ ಸ್ಕೌಟ್ ಬೆಟ್ಟಕ್ಕೆ ಅಪ್ಪಣೆಯಿಲ್ಲದೆ ಏರಿದರು. ಅವರ ಮುಂದಾಳು ಬೆನ್ನಿ ರಾತ್‌ಮನ್‌ಗೆ ಆಗ 20 ವರ್ಷ. ಕಾವಲುಗಾರರೊಡನೆ ತಳ್ಳಾಟವಾಯಿತು. ಆರು ಜನರ ದಸ್ತಗಿರಿಯಾಗಿ, ಐವರಿಗೆ ಎರಡರಿಂದ ಆರು ತಿಂಗಳ ಸೆರೆವಾಸ ವಿಧಿಸಲಾಯಿತು. ಅಂದಿನ ಪ್ರತಿಷ್ಠಿತ ಚಾರಣ ಸಂಘಗಳೇ ಈ ಸಾಹಸವನ್ನು ಮೆಚ್ಚಲಿಲ್ಲ. ಆದರೆ ಕಠಿಣ ಶಿಕ್ಷೆ ಕಂಡು ಜನಾಭಿಪ್ರಾಯ ತಿರುಗಿತು. ಇದಕ್ಕೆ ಎರಡು ವರ್ಷ ಮೊದಲು, 1930ರಲ್ಲಿ, ನಮ್ಮ ಉತ್ತರ ಕನ್ನಡದ ಜನ ಕಾಡಿನ ಕಾನೂನನ್ನು ಮುರಿದು ಜಂಗಲ್ ಸತ್ಯಾಗ್ರಹ ನಡೆಸಿದ್ದರು. ಅಲ್ಲಿ ಪರರಾಜ್ಯದ ವಿರುದ್ಧ, ಇಲ್ಲಿ ಒಡೆತನದ ವಿರುದ್ಧ. ಆದರೆ ಎರಡೂ ಕಡೆ ಕೇಳಿದ ಪ್ರಶ್ನೆ ಒಂದೇ: ಬೆಟ್ಟ ಯಾರದು?

ಉತ್ತರ ನಿಧಾನವಾಗಿ ಬಂತು. 1949ರಲ್ಲಿ ರಾಷ್ಟ್ರೀಯ ಉದ್ಯಾನಗಳ ಕಾಯಿದೆಯಾಯಿತು. 1951ರಲ್ಲಿ ಪೀಕ್ ಡಿಸ್ಟ್ರಿಕ್ಟ್ ಈ ದೇಶದ ಮೊದಲ ರಾಷ್ಟ್ರೀಯ ಉದ್ಯಾನವಾಯಿತು. ಕಿಂಡರ್ ಅದರೊಳಗೇ ಇದೆ. ಪತ್ರಕರ್ತ ಟಾಮ್ ಸ್ಟೀಫನ್‌ಸನ್ 1935ರಲ್ಲಿ ಸೂಚಿಸಿದ್ದ ಪೆನ್ನೈನ್ ವೇ ಎಂಬ ಕಾಲುದಾರಿ, ಈಡೇಲ್‌ನಿಂದ ಸ್ಕಾಟ್ಲೆಂಡಿನ ಕರ್ಕ್ ಯೆಟಮ್‌ವರೆಗೆ ಸುಮಾರು 268 ಮೈಲಿ, 1965ರಲ್ಲಿ ತೆರೆಯಿತು. 2000ದ ಕಾಯಿದೆ ಬೋಳುಬಯಲುಗಳ ಬಹುಭಾಗದಲ್ಲಿ ಕಾಲ್ನಡೆಯಲ್ಲಿ ಓಡಾಡುವ ಹಕ್ಕನ್ನು ಎಲ್ಲರಿಗೂ ಕೊಟ್ಟಿತು. 2002ರಲ್ಲಿ, ಘಟನೆಯ 70ನೆಯ ವರ್ಷದಂದು, ಆ ನೆಲದ ಅಂದಿನ ಒಡೆಯರ ವಂಶದವರಾದ ಡೆವನ್‌ಷೈರಿನ ಡ್ಯೂಕ್ ತಮ್ಮ ಹಿರಿಯರ ವರ್ತನೆಗಾಗಿ ಬಹಿರಂಗವಾಗಿ ಕ್ಷಮೆ ಕೇಳಿದರು.

ಗಿರಣಿಗಳ ಹೊಗೆ ಮಾತ್ರ ತನ್ನ ಗುರುತನ್ನು ಬಿಟ್ಟುಹೋಗಿದೆ. ಒಂದೂವರೆ ಶತಮಾನ ಸುರಿದ ಮಸಿ, ಆಮ್ಲಗಳಿಂದ ನೀರು ಹಿಡಿಯುವ ಪಾಚಿ ಸತ್ತು, ಪೀಟ್ ಕೊಚ್ಚಿಹೋಗಿ ದಕ್ಷಿಣದ ಬೆಟ್ಟಗಳು ಗಾಯಗೊಂಡವು. ಒಣಗಿದ ಪೀಟ್ ಬೆಂಕಿಗೆ ತುತ್ತು. 2018ರ ಬೇಸಗೆಯಲ್ಲಿ ಸ್ಯಾಡಲ್‌ವರ್ತ್ ಬೆಟ್ಟ ಹೊತ್ತಿಕೊಂಡಾಗ ಸೈನ್ಯವನ್ನು ಕರೆಸಬೇಕಾಯಿತು. ಕೆಲವು ದಶಕಗಳಿಂದ ಕೊರಕಲುಗಳಿಗೆ ಕಲ್ಲಿನ ಒಡ್ಡು ಹಾಕಿ ಪಾಚಿಯನ್ನು ಮತ್ತೆ ನೆಡುವ ಕೆಲಸ ನಡೆದಿದೆ. ಬರಿಗಾಲಿಗೆ ಕೆಸರಾಗಿ ಕಾಣುವ ಈ ಮಣ್ಣು ಅಪಾರ ಇಂಗಾಲವನ್ನು ಹಿಡಿದಿಟ್ಟಿದೆ. ಮಳೆನೀರನ್ನು ತಡೆದು ಕೆಳಗಿನ ಪಟ್ಟಣಗಳನ್ನು ನೆರೆಯಿಂದ ಕಾಯುತ್ತದೆ.

ಗಿರಣಿಗಳು ಇಂದು ಇಲ್ಲ. ಅವುಗಳ ಕೊನೆಗಾಲದಲ್ಲಿ ರಾತ್ರಿಪಾಳಿ ದುಡಿದವರು ಬಹಳ ಮಂದಿ ನಮ್ಮ ಉಪಖಂಡದಿಂದ ಬಂದವರೇ. ಅದೇ ಊರುಗಳ ಆಸ್ಪತ್ರೆಗಳಲ್ಲಿ ಕರ್ನಾಟಕದ ಕಾಲೇಜುಗಳಲ್ಲಿ ಕಲಿತ ವೈದ್ಯರು ಧೂಳು ತುಂಬಿದ ಎದೆಗಳನ್ನು ಪರೀಕ್ಷಿಸಿದರು. ಹೀಗಿದ್ದೂ ಬೆಟ್ಟದ ಮೇಲೆ ನಡೆಯುವವರಲ್ಲಿ ನಮ್ಮ ಮುಖಗಳು ಕಡಿಮೆ. ಅದು ಬೇರೆಯವರ ಜಾಗವೆಂಬ ಸಂಕೋಚ ನಮ್ಮೊಳಗೆ ಉಳಿದಿರಬಹುದು. ಆ ಸಂಕೋಚಕ್ಕೆ ಕಾರಣವಿಲ್ಲ. ಧಾರವಾಡದ ರೈತನ ಬೆವರೂ ರಾಚ್‌ಡೇಲಿನ ನೇಕಾರನ ಬೆವರೂ ಈ ಬೆಟ್ಟದ ಲೆಕ್ಕದ ಪುಸ್ತಕದಲ್ಲಿ ಒಂದೇ ಪುಟದಲ್ಲಿವೆ. ಸೆರೆಮನೆಗೆ ಹೋದ ಹುಡುಗರು ಗಳಿಸಿಕೊಟ್ಟ ಹಕ್ಕಿಗೆ ಜಾತಿ, ಬಣ್ಣಗಳ ಷರತ್ತಿಲ್ಲ.

ಮುಂದಿನ ಬೇಸಗೆಯಲ್ಲಿ ಮಕ್ಕಳನ್ನು ಕರೆದುಕೊಂಡು ಹೇಫೀಲ್ಡಿನಿಂದ ಕಿಂಡರ್ ಹತ್ತಬಹುದು. ಹಿರಿಯರಿಗೆ ಮಾಲಂ ಕೋವ್‌ನ ಬುಡದವರೆಗಿನ ದಾರಿ ಸುಲಭ. ಗಟ್ಟಿ ಬೂಟು, ಮಳೆಯಂಗಿ ಇರಲಿ; ಬುತ್ತಿಯಲ್ಲಿ ಚಿತ್ರಾನ್ನವೂ ಇರಲಿ. ದಾರಿಯಲ್ಲಿ ಸಿಗುವ ಗೋಡೆಗಳನ್ನು ತೋರಿಸಿ, ಇವನ್ನು ಯಾರು ಕಟ್ಟಿಸಿದರು, ಯಾರು ದಾಟಿದರು ಎಂಬುದನ್ನು ಮಕ್ಕಳಿಗೆ ಹೇಳೋಣ.